ತಮ್ಮನ ಹೆಸರಿನ ರನ್ನುಗಳು

ಸವಣೂರಿನ ಎಲೆ ವ್ಯಾಪಾರಿ ಕರಬಸಪ್ಪನವರ ಮನೆಯಲ್ಲಿ ಬ್ಯಾಟು ಹಿಡಿಯಲು ಬರುತ್ತಿದ್ದವನು ಹಿರಿಯ ಮಗ ಚನ್ನೇಶ ಒಬ್ಬನೇ. ಕಿರಿಯವನಾದ ಶರಣುವಿಗೆ ಚೆಂಡು ಎದುರು ಬಂದರೆ ಕಣ್ಣು ಮುಚ್ಚುವ ಅಭ್ಯಾಸ. ಹೀಗಿದ್ದೂ ಆ ಬೆಳಿಗ್ಗೆ ಎಲ್ಲರ ಮೊಬೈಲಿಗೆ ಬಂದ ಕ್ರಿಕೆಟ್ ಸಂಘದ ಪಟ್ಟಿಯಲ್ಲಿ ನಾಲ್ಕು ತಾಲೂಕಿಗೇ ಅತಿ ಹೆಚ್ಚು ರನ್ ಹೊಡೆದ ಶೂರ ಶರಣು ಎಂದಿತ್ತು. ಒಳಗಿನ ಸಂಗತಿ ಗೊತ್ತಿದ್ದ ನಾಲ್ಕಾರು ಗೆಳೆಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಚನ್ನೇಶನ ಹೆಂಡತಿ ನೀಲಾಂಬಿಕಾಗೆ ಮಾತ್ರ ನಗು ಬರಲಿಲ್ಲ.

ಆಕೆ ಪಡಸಾಲೆಯಲ್ಲಿ ಅತ್ತೆ ಸರೋಜವ್ವನ ಜೊತೆ ಹಸಿ ಗೋಣಿತಟ್ಟಿನ ಮೇಲೆ ವೀಳ್ಯದೆಲೆ ಆರಿಸುತ್ತ ಕೂತಿದ್ದಳು. ತೋಟದಿಂದ ಬಂದ ಪೆಂಡಿ ಬಿಚ್ಚಿ, ದೊಡ್ಡ ಎಲೆ ಒಂದು ಕಡೆ, ಎಳೆಯದು ಒಂದು ಕಡೆ, ಹರಿದದ್ದು ಮನೆಗೆ. ಶರಣು ಹಲ್ಲುಜ್ಜುತ್ತಲೇ ಬಂದು ಮೊಬೈಲನ್ನು ಅತ್ತಿಗೆಯ ಮುಖದ ಮುಂದೆ ಹಿಡಿದ.

"ವೈನಿ, ನೋಡ್ರಿಲ್ಲೆ. ಸಾವಿರದ ಎಂಟನೂರಾ ಹನ್ನೆರಡು ರನ್. ಐದು ಸೆಂಚುರಿ. ನಾ ಯಾವಾಗ ಹೊಡದೆ ಅಂತ ನನಗ ಗೊತ್ತಿಲ್ಲ!"

"ನಿಮ್ಮಣ್ಣಂದು ಎಷ್ಟೈತಿ?" ಎಂದಳು ನೀಲಾಂಬಿಕಾ.

ಶರಣು ಬೆರಳಿನಿಂದ ಕೆಳಗೆ, ಇನ್ನೂ ಕೆಳಗೆ ಸರಿಸಿದ. "ಮೂರು ಮ್ಯಾಚ್. ಹದಿನೇಳು ರನ್," ಎಂದವನು ಮುಂದೆ ನಗಲಿಲ್ಲ. ಬಾಯಲ್ಲಿದ್ದ ಪೇಸ್ಟ್ ಉಗುಳುವ ನೆವ ಮಾಡಿಕೊಂಡು ಬಚ್ಚಲಿಗೆ ಹೋದ.

ಇದರ ಹಿಂದಿನ ಕಥೆ ಇಷ್ಟೇ. ಕೆಲವು ವರ್ಷದ ಹಿಂದೆ ಕ್ರಿಕೆಟ್ ಸಂಘ ಒಡೆದು ಎರಡಾಗಿತ್ತು. ತಂಡ ಆರಿಸುವಾಗ ಹಿರಿಯರು ತಮ್ಮ ಬಳಗದ ಹುಡುಗರನ್ನೇ ಆರಿಸುತ್ತಾರೆಂದು ಸಿಟ್ಟಿಗೆದ್ದವರು ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೇರಿಸಿ ಬೇರೆ ಲೀಗ್ ಕಟ್ಟಿದರು. ಸಿಕ್ಕ ಬಯಲಿನಲ್ಲಿ ಮ್ಯಾಟು ಹಾಸಿ ಆಡಿದರು. ಹಳೇ ಸಂಘ ಸುಮ್ಮನಿರುತ್ತದೆಯೇ? ಹೊಸಬರ ಮೈದಾನಕ್ಕೆ ಕಾಲಿಟ್ಟವನಿಗೆ ಐದು ವರ್ಷ ತಮ್ಮ ಬಾಗಿಲು ಬಂದ್ ಎಂದು ಸಾರಿತು. ಚನ್ನೇಶನ ಹೆಸರು ಹಳೇ ಸಂಘದಲ್ಲಿತ್ತು. ಅಲ್ಲಿ ನೀರಿನ ಬಾಟಲಿ ಹೊರುವುದೇ ಅವನ ಪಾಲಿನ ಆಟ. ಆದರೂ ಇಂದಲ್ಲ ನಾಳೆ ಕರೆದಾರು ಎಂಬ ಆಸೆ ಬಿಡದು. ಹೊಸಬರು ಕರೆದಾಗ ಆಡದೆ ಇರಲು ಕೈ ಕೇಳದು. ಆಗ ಉಪಾಯ ಹೇಳಿದವರು ಕರಬಸಪ್ಪನವರೇ. "ಶರಣೂನ ಹೆಸರು ಬರಸಿ ಆಡು. ಅವ ಎಲ್ಲಿ ಆಡಾಂವ ಅದಾನ? ಎರಡೂ ಬಾಗಲಾ ತಗದ ಇರ್ತಾವ." ಎಲೆ ಪೇಟೆಯಲ್ಲಿ ಇಂಥ ಜಾಣತನದಿಂದಲೇ ನಾಲ್ಕು ಜನರ ನಡುವೆ ನಿಂತ ಮನುಷ್ಯ ಅವರು. ಮಗ ಅಪ್ಪನ ಮಾತು ಕೇಳಿದ.

ಈಗ ಎರಡೂ ಸಂಘದವರು ಹಾನಗಲ್ಲಿನಲ್ಲಿ ಒಂದೇ ಪಂಕ್ತಿಯಲ್ಲಿ ಕೂತು ಹೋಳಿಗೆ ಉಂಡು ಒಂದಾಗಿಬಿಟ್ಟರು. ಒಡೆದು ಹೋಗಿ ಆಡಿದ ಪಂದ್ಯಗಳ ರನ್ನು, ವಿಕೆಟ್ಟು ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯುವುದು, ಯಾರಿಗೂ ಶಿಕ್ಷೆಯಿಲ್ಲ ಎಂದು ಒಪ್ಪಂದವಾಗಿ ಈ ಪಟ್ಟಿ ಹೊರಬಿತ್ತು. ಎದೆ ತಟ್ಟಿಕೊಂಡು ತಮ್ಮ ಹೆಸರಿನಲ್ಲೇ ಆಡಿದ ಹುಡುಗರೆಲ್ಲ ಬಚಾವಾದರು. ಹುಷಾರಿ ಮಾಡಿದವನು ಮಾತ್ರ ಕೆಟ್ಟ.

ಚನ್ನೇಶ ಆ ದಿನ ಅಂಗಡಿಗೆ ಹೋಗಲಿಲ್ಲ. ಮಧ್ಯಾಹ್ನ ರೊಟ್ಟಿಗೆ ಕೂತವನು ತಟ್ಟೆಯಲ್ಲಿದ್ದ ಬದನೆಕಾಯಿ ಪಲ್ಯವನ್ನು ನೋಡುತ್ತಲೇ ಇದ್ದ.

"ಉಣ್ಣೋ ಚನ್ಯಾ," ಎಂದಳು ಸರೋಜವ್ವ.

"ಮಲ್ಲಿಕಸಾಬಣ್ಣ ಬರ್ತಾನಂತ. ಅವನ್ನ ಕೇಳ್ತೇನಿ. ಒಂದು ಹೆಸರ ತಿದ್ದೂದು ಏನ್ ದೊಡ್ಡದು?"

ಕರಬಸಪ್ಪನವರು ಬಾಯಿಯ ರೊಟ್ಟಿ ನುಂಗಿ, "ಕೇಳು. ಆದರ ಚೀರಾಡಬ್ಯಾಡ. ನಾಳೆ ಅವನ ಕೂಡ ಕೆಲಸ ಇರ್ತೈತಿ," ಎಂದರು. ಉಪಾಯ ಕೊಟ್ಟವರು ತಾವೇ ಎಂಬುದನ್ನು ಅವರ ಮುಖ ನೋಡಿ ಯಾರೂ ಹೇಳುವಂತಿರಲಿಲ್ಲ.

ಮಲ್ಲಿಕಸಾಬ ಸವಣೂರಿನಲ್ಲಿ ಸೈಕಲ್ ಅಂಗಡಿ ಇಟ್ಟುಕೊಂಡವನು, ಹೊಸ ಸಂಘ ಕಟ್ಟಿದವರಲ್ಲಿ ಮುಖ್ಯ. ಸ್ವಂತ ದುಡ್ಡಿನಲ್ಲಿ ಮ್ಯಾಟು ಕೊಂಡವನು, ತಾನೇ ಹೊತ್ತವನು. ಸಂಜೆ ಬಂದು ಪಡಸಾಲೆಯ ಕಟ್ಟೆಗೆ ಕೂತ. ಮುಖ ಬಾಡಿತ್ತು. ಚನ್ನೇಶ ಕೇಳುವ ಮೊದಲೇ ಕೈ ಮುಗಿದ.

"ತಮ್ಮಾ, ನನಗ ಎಲ್ಲಾ ಗೊತ್ತೈತಿ. ಅವು ನಿನ್ನ ರನ್ನ. ಹಾನಗಲ್ಲಿನ ಮ್ಯಾಚಿನ್ಯಾಗ ನೀ ಹೊಡದ ನೂರಾ ನಲವತ್ತು ನನ್ನ ಕಣ್ಣಾಗ ಇನ್ನೂ ಐತಿ. ಆದರ ನಾ ತಿದ್ದಾಕ ಬರಂಗಿಲ್ಲ."

"ಯಾಕ?"

"ಹಳೇ ಮಂದಿಯೊಳಗ ಅರ್ಧಾ ಮಂದಿಗೆ ಈ ಲೆಕ್ಕ ಹಿಡಿಯೂದ ಬ್ಯಾಡಾಗಿತ್ತು. ಪಟ್ಟಿಯೊಳಗ ಒಂದ ಹೆಸರು ಸುಳ್ಳಂತ ಗೊತ್ತಾತಂದ್ರ ಪಟ್ಟೀನ ಸುಳ್ಳಂತಾರ. ಇನ್ನೂರು ಹುಡುಗರದು ಹೋಕ್ಕೈತಿ. ಹಿರೇಕೆರೂರಾಗ ಒಬ್ಬಂವಗ ಪೊಲೀಸ ನೌಕರಿಗೆ ಇದರ ಮ್ಯಾಲೆ ಕರೆ ಬಂದೈತಿ. ಅವನ ಬಾಯಾಗ ಮಣ್ಣ ಹಾಕ್ಲೇನು?"

ಒಳಬಾಗಿಲಲ್ಲಿ ನಿಂತಿದ್ದ ನೀಲಾಂಬಿಕಾ ಸುಮ್ಮನಿರಲಾರದೆ, "ಅಂದರ ನಮ್ಮವರ ಬಾಯಾಗ ಹಾಕಬಹುದೇನ್ರಿ ಕಾಕಾ?" ಎಂದಳು.

ಮಲ್ಲಿಕಸಾಬ ತಲೆ ಎತ್ತಲಿಲ್ಲ. "ನಾ ಏನ್ ಹೇಳ್ಲಿ ತಾಯಿ. ಆವಾಗ ನಾ ಬ್ಯಾಡಂದಿದ್ದೆ. ನಿಮ್ಮ ಮಾವಾರು ಕೇಳಲಿಲ್ಲ," ಎಂದು ಚಹಾ ಕುಡಿಯದೆಯೇ ಎದ್ದು ಹೋದ. ಕರಬಸಪ್ಪನವರು ಹರಿದ ಎಲೆಗಳನ್ನು ಒಂದೊಂದಾಗಿ ಬುಟ್ಟಿಗೆ ಹಾಕುತ್ತ ಕೂತರು.

ವಾರ ಕಳೆಯುವುದರೊಳಗೆ ಶರಣುವಿನ ಮೊಬೈಲಿಗೆ ಹುಬ್ಬಳ್ಳಿಯಿಂದ ಫೋನು ಬಂತು. ಅದೊಂದು ಬೀಜದ ಕಂಪನಿ. ಅವರದೇ ಕ್ರಿಕೆಟ್ ತಂಡವಿತ್ತು. ಆಡುವವರಿಗೆ ಆಫೀಸಿನಲ್ಲಿ ಖಾಯಂ ನೌಕರಿ. ತಂಡ ನೋಡಿಕೊಳ್ಳುವ ಗುದ್ಲೆಪ್ಪ ಎಂಬವರೇ ಮಾತಾಡಿದರು. ಪಟ್ಟಿ ನೋಡಿದ್ದೇವೆ, ಡಿಗ್ರಿ ಆಗಿದೆಯಲ್ಲ, ಮುಂದಿನ ಗುರುವಾರ ಬಂದು ನಾಲ್ಕು ಚೆಂಡು ಆಡಿ ತೋರಿಸು ಎಂದರು. ಶರಣು "ಹೂಂ ಸರ್, ಹೂಂ ಸರ್" ಎಂದು ಫೋನಿಟ್ಟವನು ಬೆವರಿದ್ದ.

ಅಂದು ರಾತ್ರಿಯೂಟಕ್ಕೆ ಝುಣಕ, ರೊಟ್ಟಿ. ಎಲ್ಲರೂ ಅಡಿಗೆಮನೆಯಲ್ಲೇ ಕೂತಿದ್ದರು.

"ಹೋಗಿ ಖರೇ ಹೇಳಿ ಬಂದಬಿಡ್ತೇನಿ," ಎಂದ ಶರಣು. "ಅವು ನಮ್ಮಣ್ಣನ ರನ್ನ ಅಂತ."

"ಹೇಳಿದರ ನಿಮ್ಮಣ್ಣಗ ಕೊಡ್ತಾರನ?" ಕರಬಸಪ್ಪನವರು ಗದರಿದರು. "ಇವಂದು ಪಿಯುಸಿಗೇ ನಿಂತೈತಿ. ಪಟ್ಟಿಯೊಳಗ ಹದಿನೇಳು ರನ್. ನಿಂದು ಡಿಗ್ರಿ ಐತಿ, ಆಟಾ ಬರೂದಿಲ್ಲ. ಇಬ್ಬರದೂ ಅರ್ಧಾ ಅರ್ಧಾ. ಕೂಡಿಸಿದರ ಒಂದು ಪೂರಾ ನೌಕರಿ."

"ಕೂಡಸೂದು ಹೆಂಗಪಾ?"

"ಚನ್ನೇಶ ಹೋಗಲಿ. ಶರಣು ಅಂತ ಹೋಗಲಿ. ನಾಕ ವರ್ಷ ಆಡಿಲ್ಲನ ಅದ ಹೆಸರಿಲೆ? ಮಾರಿ ಇಬ್ಬರದೂ ಒಂದ ಅಚ್ಚು. ಆಧಾರಿನ ಫೋಟೋದಾಗ ಯಾರ ಯಾರಂತ ದೇವರಿಗೂ ತಿಳಿಯೂದಿಲ್ಲ."

ನೀಲಾಂಬಿಕಾ ಬೇಯಿಸುತ್ತಿದ್ದ ರೊಟ್ಟಿ ಹಂಚಿನ ಮೇಲೆ ಸೀದಿತು. "ಅದು ಆಟಾ ಇತ್ರಿ ಮಾವಾರ. ಇದು ನೌಕರಿ. ನಾಳೆ ಸಿಕ್ಕಬಿದ್ದರ ಜೇಲಿಗೆ ಹಾಕ್ತಾರ."

"ನಿನ್ನ ಯಾರ ಕೇಳಿದರು?"

"ಯಾರೂ ಕೇಳಲಿಲ್ರಿ. ಅದಕ್ಕ ಹೇಳಾಕತ್ತೇನಿ."

ಸರೋಜವ್ವ ನಡುವೆ ಬಂದಳು. "ಬಸರಿ ಹೆಂಗಸು, ಅಕೀ ಕೂಡ ಏನ್ ಜಗಳ? ಚನ್ಯಾ, ನೀ ಹೇಳೋ. ನಿನಗ ಏನ್ ಅನಿಸ್ತೈತಿ?"

ಚನ್ನೇಶನ ಬೆರಳುಗಳು ರೊಟ್ಟಿಯ ಅಂಚನ್ನು ಪುಡಿಪುಡಿ ಮಾಡುತ್ತಿದ್ದವು. ಆಮೇಲೆ ತಾಯಿಗಲ್ಲ, ಹೆಂಡತಿಗೆ ಹೇಳಿದ.

"ಎಲೀ ಕಟ್ಟಿ ಕಟ್ಟಿ ಸಾಯೂದ ಆದೀತು ನೀಲಾ. ನನಗ ಒಮ್ಮೆ ಛಲೋ ಮೈದಾನದಾಗ ಆಡಬೇಕು. ಯಾವ ಹೆಸರಿಲೆ ಕರದರೂ ನಡೀತೈತಿ."

ಅವಳಿಗೆ ಸಿಟ್ಟು ಬಂದಿತ್ತು. ಆದರೆ ಅವನ ಮುಖದಲ್ಲಿ ಎಷ್ಟೋ ದಿನದ ಮೇಲೆ ಒಂದು ಕಳೆ ಕಂಡು ಸಿಟ್ಟು ಬಾಯಿಗೆ ಬರಲಿಲ್ಲ. ತಾನು ಸುಮ್ಮನಾದದ್ದೇ ದೊಡ್ಡ ತಪ್ಪಾಯಿತೆಂದು ಮುಂದೆ ಅದೆಷ್ಟು ಸಲ ತನ್ನನ್ನು ತಾನೇ ಬೈದುಕೊಂಡಳೋ. ಸೀದ ರೊಟ್ಟಿಯನ್ನು ತನ್ನ ತಟ್ಟೆಗೇ ಹಾಕಿಕೊಂಡಳು.

ಗುರುವಾರ ಚನ್ನೇಶ ತಮ್ಮನ ಆಧಾರ್ ಕಾರ್ಡು, ತಮ್ಮನ ಡಿಗ್ರಿ, ತನ್ನ ಬ್ಯಾಟು ತೆಗೆದುಕೊಂಡು ಹುಬ್ಬಳ್ಳಿ ಬಸ್ಸು ಹತ್ತಿದ. ಸಂಜೆ ಫೋನು ಬಂತು. ನಾಲ್ಕು ಚೆಂಡಲ್ಲ, ಒಂದು ತಾಸು ಆಡಿಸಿದ್ದರಂತೆ. ಗುದ್ಲೆಪ್ಪನವರು ಬೆನ್ನು ತಟ್ಟಿ, ಪಟ್ಟಿ ಸುಳ್ಳು ಹೇಳುವುದಿಲ್ಲ ನೋಡು ಅಂದರಂತೆ. ಸರೋಜವ್ವ ಶಾವಿಗೆ ಪಾಯಸ ಮಾಡಿದಳು. ಶರಣು ಎರಡು ಬಟ್ಟಲು ಕುಡಿದು, "ನನಗ ನೌಕರಿ ಸಿಕ್ಕತಿ, ನಾನ ಮನ್ಯಾಗ ಅದೇನಿ," ಎಂದು ನಗಿಸಿದ. ಆ ದಿನ ಎಲ್ಲರೂ ನಕ್ಕರು, ನೀಲಾಂಬಿಕಾ ಕೂಡ.

ನಗು ನಿಂತದ್ದು ಕೆಲಸಕ್ಕೆ ಸೇರಿ ಬಂದ ಮೊದಲ ಭಾನುವಾರ. ಚನ್ನೇಶನ ಅಂಗಿ ತೊಳೆಯಲು ಹಾಕುವಾಗ ಜೇಬಿನಲ್ಲಿದ್ದ ಕಂಪನಿಯ ಕಾರ್ಡನ್ನು ತೆಗೆದಿಡುತ್ತ ನೀಲಾಂಬಿಕಾ ಕೇಳಿದಳು:

"ಮನೀ ಮಂದಿ ಹೆಸರೆಲ್ಲಾ ಬರಸ್ಕೊಂಡಿರಬೇಕಲ್ಲ? ನಂದೂ ಬರಸೀರೇನ್ರಿ?"

ಚನ್ನೇಶ ಶೂ ಲೇಸು ಬಿಚ್ಚುತ್ತಿದ್ದ. "ಶರಣೂಗ ಎಲ್ಲಿ ಲಗ್ನಾ ಆಗೇತಿ?"

"ಹಂಗಂದ್ರ?"

"ಹಂಗಂದ್ರ ಲಗ್ನಾ ಆಗಿಲ್ಲಂತ ಬರಸೇನಿ. ಮತ್ತೇನ್ ಮಾಡ್ಲಿ? ಆಧಾರ ಅವಂದು, ಎಲ್ಲಾ ಅವಂದು. ಅವನ ಹೆಂಡ್ತಿ ಅಂತ ನಿನ್ನ ಹೆಸರ ಹಾಕಾಕ ಬರ್ತೈತೇನು?"

ಅದು ನಿಜವೇ. ಅವಳು ಅಂಗಿಯನ್ನು ಬಕೀಟಿಗೆ ಅದ್ದಿ ಜೋರಾಗಿ ತಿಕ್ಕತೊಡಗಿದಳು. ಹುಬ್ಬಳ್ಳಿಯಲ್ಲಿ ಮನೆ ಮಾಡುವ ಮಾತು, ಹೆರಿಗೆಗೆ ಅಲ್ಲಿಯ ಆಸ್ಪತ್ರೆಗೆ ಹೋಗುವ ಮಾತು ಅಂದಿಗೇ ಮುಗಿಯಿತು. ಮದುವೆಯಾಗದ ಹುಡುಗನಿಗೆ ಬಸುರಿ ಹೆಂಡತಿಯೆಲ್ಲಿಂದ ಬರಬೇಕು? ಚನ್ನೇಶ ಇನ್ನಿಬ್ಬರು ಆಟಗಾರರ ಜೊತೆ ರೂಮು ಮಾಡಿಕೊಂಡ.

ಒಂದು ಮಧ್ಯಾಹ್ನ ಅವಳಿಗೆ ಹೊಟ್ಟೆ ಹಿಡಿದಂತಾಗಿ, ಗಾಬರಿಯಾಗಿ ಫೋನು ಮಾಡಿದಳು. ಎತ್ತಿದವನು ಬೇರೆ ಯಾರೋ. "ಶರಣು ಪ್ರ್ಯಾಕ್ಟಿಸಿಗೆ ಹೋಗ್ಯಾನ್ರಿ. ನೀವು ಯಾರ ಮಾತಾಡೂದು?" ಎಂದ. ನಾನು ಅವರ ಹೆಂಡತಿ ಎನ್ನುವ ಹಾಗಿಲ್ಲ. ಅತ್ತಿಗೆ ಎನ್ನಲು ನಾಲಿಗೆ ಹೊರಳಲಿಲ್ಲ. "ರಾಂಗ್ ನಂಬರ್ ಆಗೇತ್ರಿ," ಎಂದು ಇಟ್ಟುಬಿಟ್ಟಳು. ಸರೋಜವ್ವ ಓಂಕಾಳಿನ ಕಷಾಯ ಕಾಸಿ ಕೊಟ್ಟು, ಬೆನ್ನು ನೀವುತ್ತ ಕೂತಳು. "ನಮ್ಮನಿ ಗಂಡಸು ಹೆಂಗ ಸಂಸಾರ ಮಾಡ್ಯಾನ ನೋಡವಾ," ಎಂದು ಆಕೆಯೂ ಕಣ್ಣು ಒರೆಸಿಕೊಂಡಳು. ಗಂಡನೋ ಮಗನೋ ಎಂದು ಹೇಳಲಿಲ್ಲ.

ಪಗಾರ ಶರಣುವಿನ ಬ್ಯಾಂಕಿಗೆ ಬರುತ್ತಿತ್ತು; ಬಂದ ಸುದ್ದಿ ಶರಣುವಿನ ಮೊಬೈಲಿಗೆ ಬರುತ್ತಿತ್ತು. ಮೊದಲ ತಿಂಗಳು ಆತ ಪೂರ್ತಿ ತಂದು ಅಣ್ಣನ ಕೈಗಿಟ್ಟ. ಎರಡನೆಯ ತಿಂಗಳು ಹೊಸ ಬೂಟು ಹಾಕಿಕೊಂಡು ಬಂದ. ಅದನ್ನು ನೋಡಿದ ಚನ್ನೇಶ ಭಾನುವಾರದ ಊಟಕ್ಕೆ ಕೂತಲ್ಲೇ ಶುರು ಮಾಡಿದ.

"ಕೇಳಿ ತಗೋಬೇಕಿಲ್ಲೋ?"

"ನನ್ನ ಖಾತೇದಾಗಿಂದು ನಾ ತಗೊಂಡೇನಿ."

"ನಿಂದಾ? ಬಿಸಲಾಗ ನಿಂತು ಸಾಯಾಂವ ನಾನು!"

ಶರಣು ತಟ್ಟೆ ತಳ್ಳಿದ. ಅಷ್ಟು ಮೆತ್ತಗಿನ ಹುಡುಗ ಅಂದು ಎದ್ದು ನಿಂತು ಕೂಗಿದ. "ನಾ ಎಲ್ಲಿ ಸಾಯಲೋ? ಹೋದ ವಾರ ಹಾವೇರಿಯೊಳಗ ಒಂದು ಕೆಲಸಕ್ಕ ಹ್ವಾದೆ. ಆಧಾರ ಹಾಕಿ ನೋಡಿ, ಆಗಲೇ ಒಂದ ಕಡೆ ಕೆಲಸದಾಗ ಅದೀಯಲ್ಲೋ ಅಂದರು. ಪರೀಕ್ಷಾ ಬರಿಯಾಂಗಿಲ್ಲ, ಎಲ್ಲೂ ಸೇರಾಂಗಿಲ್ಲ. ನನ್ನ ಹೆಸರು ತಗೊಂಡು ಹುಬ್ಬಳ್ಳಿಗೆ ಹೋಗೀದಿ. ನಾ ಇಲ್ಲೆ ಯಾರಾಗಿ ಕೂಡ್ಲಿ ಹೇಳು!"

"ಶರಣೂ, ಕೂಡೋ!" ಕರಬಸಪ್ಪನವರು ಗುಡುಗಿದರು.

ನಿಂತಿದ್ದ ಶರಣು ಅವರತ್ತ ತಿರುಗಿದ. ಕೈ ತೊಳೆಯಲು ಏಳುತ್ತಿದ್ದ ಚನ್ನೇಶ ಮರಳಿ ಕೂತ. ಕರೆದದ್ದು ತನ್ನನ್ನಲ್ಲ ಎಂದು ಅವನಿಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ಯಾರೂ ನಗಲಿಲ್ಲ. ನೀಲಾಂಬಿಕಾಗೆ ತನ್ನ ಗಂಡ ಕೈಬಿಟ್ಟು ಹೋಗುತ್ತಿದ್ದಾನೆ ಎಂದು ಆಗ ಖಾತ್ರಿಯಾಯಿತು.

ಅಂದು ಬಸ್ಸಿಗೆ ಹೊರಟ ಅವನ ಚೀಲಕ್ಕೆ ಶೇಂಗಾ ಚಟ್ನಿಯ ಡಬ್ಬಿ ಇಡುತ್ತ ಹೇಳಿದಳು.

"ಬಿಟ್ಟ ಬರ್ರಿ. ಹೊಟ್ಟಿಗೆ ಎಲೀ ವ್ಯಾಪಾರ ಸಾಕು. ನೀವು ನೀವಾಗಿ ಇರ್ರಿ."

"ಬರೂ ತಿಂಗಳ ಫೈನಲ್ ಐತಿ. ಅದನ್ನೊಂದು ಆಡಿ ಬಿಡ್ತೇನಿ."

"ನನ್ನ ಕುಬಸಕ್ಕರ ಬರ್ತೀರೋ ಇಲ್ಲೋ?" ಅವಳು ಸೀಮಂತದ ದಿನ ನೆನಪಿಸಿದಳು.

"ರಜಾ ಕೇಳೇನಿ. ಅಣ್ಣನ ಹೆಂಡ್ತಿ ಕುಬಸ ಐತಿ ಅಂತ ಹೇಳೇನಿ," ಎಂದ ಚನ್ನೇಶ. ಹೇಳಿದ ಮೇಲೆ ತಾನು ಏನು ಹೇಳಿದೆನೆಂದು ಹೊಳೆದು ಅವಳ ಕೈ ಹಿಡಿಯಲು ಬಂದ. ಅವಳು ಚೀಲದ ಝಿಪ್ಪು ಎಳೆದು, ಒಳಗೆ ಹೋದಳು.

ಕುಬಸಕ್ಕೆ ಇನ್ನೂ ಸ್ವಲ್ಪ ದಿನವಿತ್ತು. ಚನ್ನೇಶ ಮತ್ತೊಂದು ಭಾನುವಾರ ಮನೆಗೆ ಬಂದಿದ್ದ. ನಾಷ್ಟಾ ಮುಗಿದಿತ್ತಷ್ಟೇ, ಅವನ ಫೋನು ರಿಂಗಾಯಿತು. "ಹಾಂ ಸರ್... ಬರ್ರಿ ಸರ್," ಎಂದವನ ಮುಖ ಬೂದಿ ಬಣ್ಣಕ್ಕೆ ತಿರುಗಿತು.

"ಗುದ್ಲೆಪ್ಪ ಸಾಹೇಬರು. ಹಾದ್ಯಾಗಿನ ತಡಸ ದಾಟ್ಯಾರಂತ. ನಮ್ಮನಿಗೇ ಬರಾಕತ್ತಾರ."

ಮನೆಯಲ್ಲಿ ಬೆಂಕಿ ಬಿದ್ದಂಥ ಗದ್ದಲ. ಕರಬಸಪ್ಪನವರು ಒಬ್ಬರೇ ತಣ್ಣಗಿದ್ದರು. ಅದು ಅವರಿಗೆ ಹೇಳಿ ಮಾಡಿಸಿದ ಕೆಲಸ. ಗೋಡೆಯ ಮೇಲಿನ ಮದುವೆಯ ಫೋಟೋ ಇಳಿಸಿ ಅಕ್ಕಿ ಚೀಲದ ಹಿಂದೆ ನಿಲ್ಲಿಸಿದರು. ಶರಣುವಿಗೆ, "ನೀ ಚನ್ನೇಶ. ಹಿರೇ ಮಗ. ಹೆಚ್ಚಿಗಿ ಮಾತಾಡಬ್ಯಾಡ," ಎಂದರು. ಚನ್ನೇಶನಿಗೆ ಏನೂ ಹೇಳಬೇಕಾಗಿರಲಿಲ್ಲ.

"ನಾನ್ರಿ?" ಎಂದಳು ನೀಲಾಂಬಿಕಾ.

"ನಿಂದೇನ ಬದಲಿಲ್ಲವಾ. ನೀ ಈ ಮನೀ ಹಿರೇ ಸೊಸಿ. ನೀ ನೀನ ಇರು."

"ನಾ ಹಿತ್ತಲದಾಗ ಕುಂದರ್ತೇನ್ರಿ. ಅವರು ಹೋಗೂತನಕ."

"ಬಸರಿ ಸೊಸೀನ ಮುಚ್ಚಿಟ್ಟಾರ ಅಂತಾರ. ಇವತ್ತೊಂದ ದಿನ. ನಿನ್ನ ಕಾಲ ಬೀಳ್ತೇನಿ," ಎಂದು ಮಾವ ನಿಜಕ್ಕೂ ಬಾಗಲು ಬಂದರು. ಅವಳು ಹಿಂದೆ ಸರಿದಳು. ಗಂಡನ ಕಡೆ ನೋಡಿದಳು. ಅವನು ಕನ್ನಡಿಯ ಮುಂದೆ ನಿಂತು ಕಂಪನಿಯ ಟೀಶರ್ಟು ಹಾಕಿಕೊಳ್ಳುತ್ತಿದ್ದ.

ಗುದ್ಲೆಪ್ಪನವರು ದೊಡ್ಡ ಮೈಯ, ತೆರೆದ ಮನಸ್ಸಿನ ಮನುಷ್ಯ. ಬರುವಾಗ ಸೇಬಿನ ಚೀಲ ತಂದಿದ್ದರು. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಸರೋಜವ್ವನಿಗೆ ಬಗ್ಗಿ ನಮಸ್ಕಾರ ಮಾಡಿದರು. "ಇಂಥಾ ಮಗನ್ನ ಹಡದ ತಾಯಿ. ನಿಮ್ಮ ಕಾಲ ಮುಟ್ಟಬೇಕ್ರಿ," ಎಂದರು. ಆ ಮನುಷ್ಯ ಕೆಟ್ಟವನಾಗಿದ್ದರೆ ಎಷ್ಟೋ ಚೆನ್ನಾಗಿತ್ತು ಎನಿಸಿತು ನೀಲಾಂಬಿಕಾಗೆ.

ಅವಲಕ್ಕಿ, ಸವಣೂರಿನ ಖಾರಾ, ಬಾಳೆಹಣ್ಣು ಇಟ್ಟರು. ಮಾತೆಲ್ಲ ಆಟದ್ದೇ. ಶರಣು ಹೊಡೆದ ಕವರ್ ಡ್ರೈವ್, ಶರಣುವಿನ ತಾಳ್ಮೆ, ಫೈನಲಿನಲ್ಲಿ ಶರಣುವೇ ಗತಿ. ಶರಣು ಎನ್ನಿಸಿಕೊಂಡವನು ತಲೆ ತಗ್ಗಿಸಿ ನಗುತ್ತಿದ್ದ. ನಿಜವಾದ ಶರಣು ಮೂಲೆಯ ಕುರ್ಚಿಯಲ್ಲಿ ಹೊಸ ಬೂಟಿನ ಕಾಲುಗಳನ್ನು ಒಳಗೆಳೆದುಕೊಂಡು ಕೂತಿದ್ದ. ನೀಲಾಂಬಿಕಾ ಚಹಾದ ತಟ್ಟೆ ಹಿಡಿದು ಹೊರಬಂದಾಗ ಗುದ್ಲೆಪ್ಪನವರು ಅವಳ ಹೊಟ್ಟೆ ನೋಡಿ, ಸಂಕೋಚದಿಂದ ದೃಷ್ಟಿ ತೆಗೆದು, ಮೂಲೆಯತ್ತ ತಿರುಗಿ ನಕ್ಕರು.

"ಏನ್ ಚನ್ನೇಶ, ಅಪ್ಪ ಆಗಾಕತ್ತೀರಿ! ಶರಣು ಹೇಳಿದ್ದ, ಕುಬಸ ಐತಿ ಅಂತ."

ಶರಣುವಿನ ಕಿವಿಯತನಕ ಕೆಂಪೇರಿತು. ಅಣ್ಣನನ್ನು ನೋಡಿದ, ಅಪ್ಪನನ್ನು ನೋಡಿದ. "ಹೂಂ... ಹೌದ್ರಿ," ಎಂದ. ಚನ್ನೇಶ ಅವಲಕ್ಕಿಯಲ್ಲಿದ್ದ ಮೆಣಸಿನಕಾಯಿಯನ್ನು ಆರಿಸಿ ಬದಿಗಿಡುತ್ತಿದ್ದ. ಹೊಟ್ಟೆಯಲ್ಲಿ ಕೂಸು ಹೊರಳಿತು. ನೀಲಾಂಬಿಕಾ ತಟ್ಟೆ ಬೀಳದಂತೆ ಗೋಡೆಗೆ ಆತು ನಿಂತಳು.

ಚಹಾ ಒಂದು ಗುಟುಕು ಕುಡಿದ ಮೇಲೆ ಗುದ್ಲೆಪ್ಪನವರು ಬಂದ ಕೆಲಸಕ್ಕೆ ಬಂದರು.

"ಕರಬಸಪ್ಪನವರ, ಸುಮ್ಮ ಬಂದಿಲ್ರಿ ನಾನು. ನಮ್ಮ ಅಕ್ಕನ ಮಗಳೊಬ್ಬಾಕಿ ಅದಾಳ. ಡಿಗ್ರಿ ಮುಗಿಸ್ಯಾಳ, ಮನೀ ಕೆಲಸಾ ಬೊಗಸಿ ಎಲ್ಲಾ ಬರ್ತೈತಿ. ಶರಣೂನ ನೋಡಿದಾಗಿಂದ ನನ್ನ ಮನಸಿನ್ಯಾಗ ಐತಿ. ಹಿರೇ ಮಗಂದು ಆಗೇತಿ, ಇನ್ನ ಇವಂದ ಅಲ್ಲನ್ರಿ?"

ಪೇಟೆಯಲ್ಲಿ ಎಂಥ ಮಾತಿಗೂ ಮಾತು ಇಟ್ಟುಕೊಂಡಿರುತ್ತಿದ್ದ ಕರಬಸಪ್ಪನವರು ಬಾಳೆಹಣ್ಣಿನ ತಟ್ಟೆಯನ್ನು ಅವರತ್ತ ಸರಿಸಿದರು. "ಅವಸರ ಏನೈತ್ರಿ ಸಾಹೇಬ್ರ... ಇನ್ನೂ ಹುಡುಗ..."

"ಬಿಡ್ರಿ, ಗಂಡಸರ ಮಾತು ಬ್ಯಾಡ. ಹುಡುಗನ ಗುಣಾ ಮನೀ ಹೆಣ್ಮಕ್ಕಳನ್ನ ಕೇಳಬೇಕು." ಗುದ್ಲೆಪ್ಪನವರು ನೀಲಾಂಬಿಕಾಳತ್ತ ತಿರುಗಿದರು. "ನೀವ ಹೇಳ್ರಿ ತಂಗಿ. ಮುಚ್ಚುಮರಿ ಬ್ಯಾಡ. ನಿಮ್ಮ ಮೈದುನ ಹೆಂಗ? ನಮ್ಮ ಹುಡುಗಿ ಕೊಡಬಹುದನ?"

ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಒಂದು ಮಾತು ಅವಳ ನಾಲಿಗೆಯ ತುದಿಯಲ್ಲಿತ್ತು. ಇವರು ನನ್ನ ಗಂಡ ಎಂಬ ಮಾತು. ಅದು ಹೊರಬಿದ್ದರೆ ನೌಕರಿ ಹೋಗುತ್ತದೆ. ಅಣ್ಣ ತಮ್ಮ ಇಬ್ಬರ ಕೈಗೂ ಬೇಡಿ ಬೀಳಬಹುದು. ಮಲ್ಲಿಕಸಾಬನ ಇನ್ನೂರು ಹುಡುಗರ ರನ್ನುಗಳೂ ಅದರ ಹಿಂದೆಯೇ ಹೋಗುತ್ತವೆ. ಹೊರಬೀಳದಿದ್ದರೆ ಹೋಗುವವಳು ತಾನೊಬ್ಬಳೇ. ಗಂಡನನ್ನು ನೋಡಿದಳು. ಈಗಲಾದರೂ ಎದ್ದು ನಿಲ್ಲುತ್ತಾನೆ, ನಿಲ್ಲಬೇಕು, ಗಂಡಸಲ್ಲವೇ ಎಂದು ಕಾದಳು. ಅವನ ಕಣ್ಣಿನಲ್ಲಿದ್ದದ್ದು ನಾಚಿಕೆಯಲ್ಲ, ಅಂಗಲಾಚಿಕೆ. ಫೈನಲ್ ಇನ್ನೂ ಉಳಿದಿತ್ತು. ಅವಳಿಗೆ ಅಳು ಕೂಡ ಬರಲಿಲ್ಲ. ಈ ಮನೆಯಲ್ಲಿ ತನ್ನವರೆಂಬವರು ಯಾರೂ ಇಲ್ಲವೆಂದು ಮಾತ್ರ ಸ್ವಚ್ಛವಾಗಿ ತಿಳಿಯಿತು.

"ಶರಣು ಛಲೋ ಹುಡುಗ ಅದಾನ್ರಿ," ಎಂದಳು.

ಮದುವೆಯ ದಿನ ಹೆಣ್ಣುಮಕ್ಕಳು ಬಾಗಿಲಲ್ಲಿ ತಡೆದು ಒಡಪು ಹೇಳಿಸಿದಾಗ ಒಮ್ಮೆ ಗಂಡನ ಹೆಸರು ತೆಗೆದದ್ದು ಬಿಟ್ಟರೆ, ಅವಳೆಂದೂ ಅವನನ್ನು ಹೆಸರು ಹಿಡಿದು ಕರೆದವಳಲ್ಲ. ಈಗ ಅವನೆದುರಿಗೇ, ಏಕವಚನದಲ್ಲಿ, ತಮ್ಮನ ಹೆಸರಿಟ್ಟು ಹೇಳಿದಳು. ಯಾರೂ ಬೆಚ್ಚಲಿಲ್ಲ.

"ಅವರಪ್ಪ ಹಾಕಿದ ಗೆರೀ ದಾಟೂದಿಲ್ರಿ. ಏನ್ ಹೇಳಿದರೂ ಹೂಂ ಅಂತಾನ. ಸಿಟ್ಟಿಲ್ಲ, ಸಿಡಕಿಲ್ಲ. ಕೊಡ್ರಿ."

ಒಳಗಿನ ಬಾಗಿಲಲ್ಲಿ ಸರೋಜವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ಕುಸಿದು ಕೂತಳು.

"ಇದಕ್ಕಿಂತ ಇನ್ನೇನ ಬೇಕ್ರಿ!" ಗುದ್ಲೆಪ್ಪನವರು ಖುಷಿಯಿಂದ ಚನ್ನೇಶನ ತೊಡೆ ತಟ್ಟಿದರು. "ಮುಂದಿನ ಭಾನುವಾರ ಅಕ್ಕನ್ನೂ ಮಾಮಾನ್ನೂ ಕರಕೊಂಡ ಬರ್ತೇನಿ. ಚಹಾ ಭಾಳ ಛಲೋ ಆಗೇತಿ ತಂಗಿ."

ಚನ್ನೇಶ ಅವರ ಖಾಲಿಯಾದ ಕಪ್ಪನ್ನು ನೋಡಿದ. ಹೀಗನ್ನು ಎಂದು ಅಪ್ಪ ಹೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. ತಲೆ ಎತ್ತಿ, ಸಹಜವಾದ ದನಿಯಲ್ಲಿ, ಬಹುವಚನ ಹಚ್ಚಿ ಅಂದ:

"ವೈನಿ, ಸಾಹೇಬರಿಗೆ ಇನ್ನೊಂದೀಟು ಚಹಾ ತರ್ರಿ."

"ತರ್ತೇನಿ," ಎಂದು ನೀಲಾಂಬಿಕಾ ಒಳಗೆ ಹೋಗಿ ಒಲೆಯ ಮೇಲೆ ನೀರಿಟ್ಟಳು.